ಅಳಿಯನಿಗೆ ಯಾರೂ ಬೈಯುವುದಿಲ್ಲ

ಲೆಕ್ಕ ತಪ್ಪಿದವರಿಗೆ ನಮ್ಮ ಶಾಲೆಯ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ ಮಾತು: "ಕುರಿ ಕಾಯಾಕೆ ಹೋಗು." ಉಳಿದ ಮಕ್ಕಳು ತಲೆ ತಗ್ಗಿಸುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಹಿಗ್ಗು. ದಸರಾ ರಜೆ ಬಂತೆಂದರೆ ನಾವು ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಹೋಗುತ್ತಿದ್ದದ್ದೇ ಕುರಿ ಕಾಯಲು. ಮೇಷ್ಟ್ರು ಬೈಗುಳವೆಂದು ಎಸೆದ ಮಾತು ನಮ್ಮ ಮನೆಯಲ್ಲಿ ಪ್ರವಾಸದ ಹೆಸರಾಗಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾವಿದ್ದದ್ದು ಚಳ್ಳಕೆರೆಯಲ್ಲಿ. ಅಪ್ಪ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಅರೆಯುವ ಯಂತ್ರದ ಮುಂದೆ ನಿಲ್ಲುವ ಕೆಲಸದವನು. ಹಳೆಯ ಶೇಂಗಾ ಮುಗಿದು ಹೊಸದು ಇನ್ನೂ ಹೊಲದಲ್ಲಿರುವ ದಸರೆಯ ಹೊತ್ತಿಗೆ ಮಿಲ್ಲು ನಿಲ್ಲುತ್ತಿತ್ತು. ನನಗೂ ತಮ್ಮನಿಗೂ ಆಗಲೇ ಶಾಲೆಗೆ ರಜೆ. ನಮ್ಮ ಬೀದಿಯಲ್ಲಿ ಮೈಸೂರಿನ ದಸರೆ ನೋಡಲು ಹೋಗುವ ಮನೆಗಳೂ ಇದ್ದವು. ನಮ್ಮ ಕೈಗೆಟುಕುತ್ತಿದ್ದದ್ದು ರಾಂಪುರದವರೆಗಿನ ಬಸ್ಸು. ಅಲ್ಲಿಂದ ದೇವಸಮುದ್ರದ ಕಡೆಗೆ ಸಿಕ್ಕ ಟೆಂಪೋ, ಆಮೇಲೆ ದೇವರು ಕೊಟ್ಟ ಕಾಲು. ಅವ್ವನ ತವರು ಆ ಕಡೆಯ ಒಂದು ಹಟ್ಟಿ. ಅವ್ವನ ಅಪ್ಪ, ಅಂದರೆ ನಮ್ಮ ತಾತ, ಹುಟ್ಟಿದಾರಭ್ಯ ಕುರಿ ಹಿಂದೆ ನಡೆದವನು. ಅವ್ವನ ತಮ್ಮ, ನಮ್ಮ ಮಾವ, ಅವನ ಜೊತೆಗಾರ.

ಹಟ್ಟಿಯಲ್ಲಿ ನಾವು ಉಳಿಯುತ್ತಿದ್ದದ್ದು ಒಂದು ರಾತ್ರಿ ಮಾತ್ರ. ಬೆಳಿಗ್ಗೆ ಕತ್ತೆಯ ಮೇಲೆ ಪಾತ್ರೆ, ಕಂಬಳಿ, ಹಿಟ್ಟಿನ ಚೀಲ ಹೇರಿ ಮಂದೆಯ ಹಿಂದೆ ಹೊರಟರೆ ಕುರಿ ನಿಂತಲ್ಲೇ ನಮ್ಮ ಊರು. ಬೀಳು ಬಿಟ್ಟ ಹೊಲದವರು ಗೊಬ್ಬರಕ್ಕೆಂದು ಮಂದೆಯನ್ನು ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ತಾತ ಅವರೊಂದಿಗೆ ಆ ಗಡಿಸೀಮೆಯ ತೆಲುಗಿನಲ್ಲಿ ಮಾತಾಡಿ ಜೋಳವನ್ನೋ ರಾಗಿಯನ್ನೋ ಹೊಂದಿಸಿಕೊಳ್ಳುತ್ತಿದ್ದ. ಅವ್ವ ಮೂರು ಕಲ್ಲು ಹೂಡಿ ಮುದ್ದೆಗೆ ಎಸರಿಡುತ್ತಿದ್ದಳು. ಚಳ್ಳಕೆರೆಯ ಮನೆಯಲ್ಲಿ ನಿಧಾನಕ್ಕೆ ನಡೆಯುತ್ತಿದ್ದ ಅವ್ವ ಇಲ್ಲಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ದಾರಿ ತಪ್ಪಿದ ಕುರಿಯ ಹಿಂದೆ ಓಡುತ್ತಿದ್ದಳು. ಅವಳು ಅಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತಾದದ್ದೂ ಅಲ್ಲೇ.

ನಮಗೆ ಬೇಕಾದ ಮೋಜೆಲ್ಲ ಅಲ್ಲಿತ್ತು. ಗುಂಡುಕಲ್ಲಿನ ಗುಡ್ಡ ಹತ್ತಿದರೆ ಸೀತಾಫಲ. ಕಣ್ಣು ಬಿಟ್ಟ ಕಾಯಿಗಳನ್ನು ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟರೆ ಒಂದೆರಡು ದಿನಕ್ಕೆ ಹಣ್ಣು. ಹೊಲದವರು ಕೈಯೆತ್ತಿ ಕೊಟ್ಟ ಹಸಿ ಶೇಂಗಾ ಗಿಡವನ್ನು ಸೊಪ್ಪು ಸಮೇತ ಸುಟ್ಟು, ಬೂದಿಯಲ್ಲಿ ಕೈಯಾಡಿಸಿ ತಿನ್ನುವಾಗ ಮೂತಿಯೆಲ್ಲ ಕರಿ. ಮಲಗಿದರೆ ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ. ಚುಕ್ಕಿಗಳಲ್ಲಿ ಯಾವುದು ಯಾರ ಮಂದೆ ಎಂದು ತಮ್ಮ ಕೇಳುತ್ತಿದ್ದ. ಒಂದೊಂದಕ್ಕೂ ಒಬ್ಬೊಬ್ಬ ಯಜಮಾನನನ್ನು ಹೇಳುತ್ತ ತಾತ ಅವನಿಗೆ ನಿದ್ದೆ ಬರಿಸುತ್ತಿದ್ದ. ಅಪ್ಪನಿಗೆ ಮಾತ್ರ ಚೇಳಿನ ಭಯ. ಬೆಳಿಗ್ಗೆ ಎದ್ದವನೇ ಚಪ್ಪಲಿಯನ್ನು ಕಲ್ಲಿಗೆ ಬಡಿದು ಬಡಿದು ನೋಡುತ್ತಿದ್ದ. ಆ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು.

ತಾತನ ಬಾಯಿಯ ವಿಷಯ ಹೇಳಲೇಬೇಕು. ಅವನು ಬೈಯದ ಜೀವ ಆ ಮಂದೆಯಲ್ಲಿ ಇರಲಿಲ್ಲ. ಕತ್ತೆಗೆ ಬೈಯುತ್ತಿದ್ದ, ನಾಯಿಗೆ ಬೈಯುತ್ತಿದ್ದ, ಬೇಲಿ ಹಾರಿದ ಟಗರಿನ ಮೂರು ತಲೆಮಾರಿಗೆ ಬೈಯುತ್ತಿದ್ದ. ಮಾವನಂತೂ ಬೆಳಗಿನ ಬೈಗುಳ ಬೀಳದಿದ್ದರೆ ತಾತನಿಗೆ ಹುಷಾರಿಲ್ಲವೇನೋ ಎಂದು ಹತ್ತಿರ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದ. ತಮ್ಮ ಒಮ್ಮೆ ಉಪ್ಪಿನ ಡಬ್ಬಿಯನ್ನು ಒಲೆಯ ಬೂದಿಗೆ ಬೀಳಿಸಿ ಎಂಥ ಬೈಗುಳ ತಿಂದನೆಂದರೆ, ಅಳುವುದನ್ನು ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತಿದ್ದ. ಬೈದು ಮುಗಿಸಿ ತಾತ ತನ್ನ ಕೈಯಾರೆ ಸೀತಾಫಲ ಬಿಡಿಸಿ ಅವನ ಬಾಯಿಗಿಟ್ಟ. ಅವನ ಬೈಗುಳದಲ್ಲಿ ಸಿಟ್ಟು ಇರುತ್ತಿದ್ದದ್ದು ಬಲು ಕಡಿಮೆ.

ಆ ಬಾಯಿ ಅಪ್ಪನ ಮುಂದೆ ಮಾತ್ರ ಕಟ್ಟಿಹೋಗುತ್ತಿತ್ತು. ಅಪ್ಪ ಅಳಿಯ. ಆ ಮನೆಯಲ್ಲಿ ಅಳಿಯ ಬಂದರೆ ಕರಿ ಕಂಬಳಿಯನ್ನು ಮಡಿಕೆ ಮಾಡಿ ಹಾಸಬೇಕು, ಕಾಲಿಗೆ ನೀರು ಕೊಡಬೇಕು, ಅವನು ಉಂಡ ಮೇಲೆ ಉಳಿದವರು ಉಣ್ಣಬೇಕು. ನಟ್ಟನಡುವೆ ಹೊಲದಲ್ಲೂ ತಾತ ಈ ಪದ್ಧತಿ ಬಿಡಲಿಲ್ಲ. ನಾವೆಲ್ಲ ನೆಗ್ಗಿಲುಮುಳ್ಳಿನ ನೆಲದಲ್ಲಿ ಕೂತರೆ ಅಪ್ಪನಿಗೆ ಮಾತ್ರ ಕಲ್ಲು ಆರಿಸಿದ ಜಾಗ, ಮಡಿಸಿದ ಕಂಬಳಿ. ನೇರವಾಗಿ ಮಾತೂ ಇಲ್ಲ. ಅಪ್ಪ ಪಕ್ಕದಲ್ಲೇ ಇದ್ದರೂ ತಾತ ಅವ್ವನಿಗೆ ಹೇಳುತ್ತಿದ್ದ: "ನಿನ್ ಗಂಡುಂಗೆ ಇನ್ನೊಂದೀಟು ಸಾರು ಬಿಡವ್ವ." ಅಪ್ಪ ಏನಾದರೂ ಕೆಲಸಕ್ಕೆ ಕೈ ಹಾಕಿದರೆ ತಾತ ಗಾಬರಿಯಾಗಿ ಮಾವನ ಕಡೆ ನೋಡುತ್ತಿದ್ದ. ಮಾವ ಓಡಿಬಂದು ಆ ಕೆಲಸ ಕಿತ್ತುಕೊಳ್ಳುತ್ತಿದ್ದ.

ಇದು ಅಪ್ಪನಿಗೆ ನೋವೆಂದು ನನಗೆ ತಿಳಿದದ್ದು ಒಂದು ವರ್ಷದ ದಸರೆಯಲ್ಲಿ. ಗುಡ್ಡದ ಮೇಲೆ ಅಪ್ಪನೂ ನಾನೂ ಇಬ್ಬರೇ ಸೀತಾಫಲ ಕೀಳುತ್ತಿದ್ದೆವು. ಕೆಳಗೆ ಕತ್ತೆ ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿತ್ತು. ತಾತ ಕತ್ತೆಗೂ ಮಾವನಿಗೂ ಸೇರಿಸಿ ಬೈಯುತ್ತಿದ್ದದ್ದು ಮೇಲಿನವರೆಗೂ ಕೇಳುತ್ತಿತ್ತು. ನಾನು ನಕ್ಕೆ. ಅಪ್ಪ ನಗಲಿಲ್ಲ. ಅವನ ಅಪ್ಪ ಅವನು ನಡೆಯಲು ಕಲಿಯುವ ಮೊದಲೇ ಸತ್ತಿದ್ದ, ತಾಯಿಯೂ ಬಹಳ ದಿನ ಉಳಿಯಲಿಲ್ಲ. ದೂರದ ನೆಂಟರ ಮನೆಯಲ್ಲಿ ಬೆಳೆದವನು. ಅಲ್ಲಿ ಅವನನ್ನು ಯಾರೂ ಹೊಡೆಯಲಿಲ್ಲವಂತೆ, ಗದರಿಸಲೂ ಇಲ್ಲವಂತೆ. ಊಟದ ಹೊತ್ತಿಗೆ ಕರೆಯುತ್ತಿದ್ದರು, ಉಂಡು ಬರುತ್ತಿದ್ದ. ಅಷ್ಟು ಹೇಳಿ ಅಪ್ಪ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಬೈಯೋರು ಇದ್ರೆ ಅದು ಮನೆ ಕಣವ್ವ," ಅಂದ. "ಮರ್ಯಾದಿ ಕೊಡೋದು ನೆಂಟ್ರಿಗೆ."

ನನಗೆ ಅವನನ್ನು ನೋಡಿ ಅಳು ಬಂತು. ದೊಡ್ಡವರಿಗೂ ಇಂಥ ಆಸೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ತಾತನಿಗೆ ಹೇಳಿ ಒಂದು ಸಲ ಬೈಯಿಸಲೇ ಎಂದು ಕೇಳಿದೆ. ಹೇಳಿಸಿಕೊಂಡು ಬೈದರೆ ಅದೂ ಮರ್ಯಾದೆಯೇ ಆಗುತ್ತದೆ, ಸುಮ್ಮನಿರು ಎಂದು ಅಪ್ಪ ನನ್ನ ತಲೆ ಸವರಿದ. ಅವನ ಅಂಗೈಯ ಶೇಂಗಾ ಎಣ್ಣೆಯ ವಾಸನೆ ನನ್ನ ಕೂದಲಿಗೂ ಹತ್ತಿತು.

ಆ ವಾಸನೆ ಅಪ್ಪನನ್ನು ಬಿಟ್ಟು ಹೋದದ್ದೇ ಇಲ್ಲ. ಸೀಗೆಪುಡಿ ಹಾಕಿ ಉಜ್ಜಿದರೂ, ಮಿಲ್ಲು ನಿಂತು ದಿನಗಳಾದರೂ, ಅವನ ಕೈಯಲ್ಲಿ, ಅಂಗಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹೆಗಲ ಟವೆಲ್ಲಿನಲ್ಲಿ ಅದು ಇರುತ್ತಿತ್ತು. ಮನೆಯಲ್ಲಿ ಕರೆಂಟು ಹೋದಾಗ ಅಪ್ಪ ಎಲ್ಲಿ ಕೂತಿದ್ದಾನೆಂದು ನಾವು ಮೂಗಿನಿಂದಲೇ ಹೇಳುತ್ತಿದ್ದೆವು.

ಸೀತಾಫಲ ಕಿತ್ತ ಮಾರನೆಯ ಬೆಳಿಗ್ಗೆ ಜಿನುಗು ಮಳೆ. ಮಂದೆಯಲ್ಲಿ ಅವ್ವನದೊಂದು ಹಳೆಯ ಕುರಿಯಿತ್ತು. ಮದುವೆಯಲ್ಲಿ ಅಜ್ಜಿ ಬಳುವಳಿಯಾಗಿ ಕೊಟ್ಟ ಕುರಿಯ ಮಗಳು ಅದು. ಅಜ್ಜಿ ತೀರಿಹೋಗಿದ್ದಳು. ಕುರಿ ಮಾತ್ರ ತಾತನ ಮಂದೆಯಲ್ಲೇ ಅವ್ವನ ಹೆಸರಿನಲ್ಲಿ ಉಳಿದಿತ್ತು. ಅದು ಗುಂಪಿನಿಂದ ದೂರ ಹೋಗಿ, ತಂಗಡಿ ಗಿಡದ ಬುಡದಲ್ಲಿ ಮರಿ ಹಾಕಿತ್ತು. ಮೊದಲು ನೋಡಿದವನು ಚಪ್ಪಲಿ ಬಡಿಯಲು ಎದ್ದ ಅಪ್ಪ. ಮರಿ ಮಳೆಯಲ್ಲಿ ನಡುಗುತ್ತಿತ್ತು. ಅಪ್ಪ ಹಿಂದೆಮುಂದೆ ನೋಡದೆ ಅದನ್ನು ಎತ್ತಿಕೊಂಡ, ಹೆಗಲ ಟವೆಲ್ಲು ತೆಗೆದು ತಲೆಯಿಂದ ಬಾಲದವರೆಗೆ ಒರೆಸಿದ. ಕೂಸಿಗೆ ಎಣ್ಣೆ ನೀರು ಹಾಕಿ ಒರೆಸುವಷ್ಟು ಅಕ್ಕರೆಯಿಂದ, ಕಿವಿಯ ಸಂದು, ಕಾಲಿನ ಸಂದು ಯಾವುದನ್ನೂ ಬಿಡದೆ ಒರೆಸಿದ. ಆಮೇಲೆ ಅಂಗಿಯೊಳಗೆ ಎದೆಗೆ ಒತ್ತಿಕೊಂಡ.

ಕುರಿ ಕಾಯುವವರ ಮನೆಯ ಹಸುಗೂಸಿಗೂ ಗೊತ್ತಿರುವ ಸಂಗತಿ ಒಂದುಂಟು. ಈದ ಕುರಿ ಮರಿಯನ್ನು ತಾನೇ ನೆಕ್ಕಬೇಕು. ನೆಕ್ಕಿ ನೆಕ್ಕಿಯೇ ಅದರ ವಾಸನೆ ಹಿಡಿದು ಇದು ನನ್ನದು ಅಂದುಕೊಳ್ಳುತ್ತದೆ. ಅದಕ್ಕೆ ಮೊದಲು ಬೇರೆ ವಾಸನೆ ಹತ್ತಿದರೆ ಹತ್ತಿರ ಸೇರಿಸುವುದಿಲ್ಲ. ಅಷ್ಟರಲ್ಲಿ ತಾತ ಬಂದು ನಿಂತಿದ್ದ. ಮಾವನೂ ನಿಂತಿದ್ದ. ಬೇರೆ ಯಾರೇ ಆಗಿದ್ದರೂ ತಾತನ ಕೂಗಿಗೆ ಗುಡ್ಡ ನಡುಗಬೇಕಿತ್ತು. ಮರಿ ಎತ್ತಿದವನು ಅಳಿಯ. ತಾತ ಬಾಯಿ ತೆರೆದ, ಮುಚ್ಚಿದ, ಅವ್ವ ಎಲ್ಲಿ ಎಂದು ಸುತ್ತ ನೋಡಿದ. ಅವಳು ಬಾವಿಗೆ ನೀರಿಗೆ ಹೋಗಿದ್ದಳು. ಮಾವ ಒಂದು ಸಲ ಕೆಮ್ಮಿದ. ಅಪ್ಪ ಅವರಿಬ್ಬರ ಕಡೆ ತಿರುಗಿ, ಕೊನೆಗೂ ಒಂದು ಕೆಲಸಕ್ಕೆ ಬಂದೆನಲ್ಲ ಎಂಬ ಖುಷಿಯಲ್ಲಿ ನಕ್ಕ. ಆ ನಗು ಈಗಲೂ ನನ್ನ ಕಣ್ಣಿನಲ್ಲಿದೆ.

ಅವ್ವ ಕೊಡ ಇಳಿಸಿ ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಮರಿಯನ್ನು ಕೆಳಗೆ ಬಿಟ್ಟರೆ ಕುರಿ ಮೂಸಿತು, ನೆಲಕ್ಕೆ ಕಾಲು ಬಡಿಯಿತು, ತಲೆಯಿಂದ ಮರಿಯನ್ನು ದೂಡಿತು. ಮರಿ ಎದ್ದು ಮತ್ತೆ ಹೋಯಿತು. ಮತ್ತೆ ದೂಡಿತು. ಅಪ್ಪನ ಮುಖ ಸಣ್ಣದಾಯಿತು. ಏನಾಯಿತೆಂದು ಅವ್ವ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು. ತಾತ ಅವ್ವನಿಗೆ, ಇದರಲ್ಲಿ ಅವರ ತಪ್ಪೇನಿಲ್ಲ, ತಿಳಿಯದೆ ಆಯಿತು, ಚಿಂತೆ ಮಾಡಬೇಡ ಎಂದು ಹೇಳು ಅಂದ. ಅಪ್ಪ ಅದನ್ನು ಕೇಳಿಸಿಕೊಂಡು, "ಅಳಿಯ ಅಲ್ಲ, ಮಗಳ ಗಂಡ," ಎಂದು ಗೊಣಗಿ ಗಿಡದ ಆ ಕಡೆ ಹೋಗಿ ಕೂತ. ತಪ್ಪಿಗಿಂತ ಆ ಸಮಾಧಾನವೇ ಅವನಿಗೆ ಹೆಚ್ಚು ಚುಚ್ಚಿತ್ತು.

ಹಟ್ಟಿಯವರಿಗೆ ಇದಕ್ಕೂ ಉಪಾಯಗಳಿದ್ದವು. ಅವ್ವ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದಳು. ಉಪ್ಪು ಹಚ್ಚಿ ನೆಕ್ಕಿಸಲು ನೋಡಿದಳು. ಮಾವ ನಾಯಿಯನ್ನು ಮರಿಯ ಹತ್ತಿರ ತಂದು ಬಿಟ್ಟ. ನಾಯಿಯನ್ನು ಕಂಡರೆ ತಾಯಿಗೆ ಕರುಳು ಚುರ್ರೆಂದು ಮರಿಗೆ ಅಡ್ಡ ನಿಲ್ಲುತ್ತದಂತೆ. ಹಳೆಯ ಕುರಿ ನಾಯಿಯನ್ನೂ ನೋಡಿತು, ಮರಿಯನ್ನೂ ನೋಡಿತು, ಇಬ್ಬರಿಗೂ ಬೆನ್ನು ತಿರುಗಿಸಿ ಮೇಯಲು ಹೋಯಿತು. ಮಂದೆಯಲ್ಲಿದ್ದ ಮೇಕೆಗಳು ಆ ಸಲ ಬತ್ತಿದ್ದವು. ಅವುಗಳ ಹಾಲನ್ನಾದರೂ ಕುಡಿಸೋಣ ಎನ್ನುವಂತಿರಲಿಲ್ಲ. ಮಾವ ಕುರಿಯನ್ನು ಅದುಮಿ ಹಿಡಿದು, ಅವ್ವ ಮರಿಯ ಬಾಯಿಗೆ ಕೆಚ್ಚಲು ಕೊಟ್ಟರೆ ಮಾತ್ರ ಅದರ ಹೊಟ್ಟೆ ತುಂಬುತ್ತಿತ್ತು. ನಾವು ಚಳ್ಳಕೆರೆಗೆ ಹೊರಟುಹೋದರೆ ಮಂದೆಯನ್ನೂ ನಡೆಸಿಕೊಂಡು ಇಷ್ಟೆಲ್ಲ ಮಾಡುವುದು ಇಬ್ಬರ ಕೈಲಿ ಆಗುವ ಮಾತಲ್ಲ. ಅಷ್ಟರೊಳಗೆ ಕುರಿ ಒಪ್ಪಬೇಕು, ಇಲ್ಲವೇ ಮರಿ ಉಳಿಯುವುದಿಲ್ಲ. ಅದು ನಮಗೆಲ್ಲರಿಗೂ ತಿಳಿದಿತ್ತು.

ಅಪ್ಪ ಊಟ ಕಡಿಮೆ ಮಾಡಿದ. ಬಾವಿಗೆ ಹೋಗಿ ಮಣ್ಣು ಹಚ್ಚಿ ಕೈ ಉಜ್ಜಿಕೊಂಡು, ಮೂಸಿ ನೋಡಿಕೊಂಡು, ಮತ್ತೆ ಉಜ್ಜಿಕೊಳ್ಳುತ್ತಿದ್ದ. ಕುರಿ ಹಿಡಿಯಲು ಹೋಗುತ್ತಿರಲಿಲ್ಲ. ದೂರದಲ್ಲಿ, ತನ್ನ ವಾಸನೆ ಗಾಳಿಯಲ್ಲಿ ಕುರಿಯ ಕಡೆ ಹೋಗದಂತೆ ಜಾಗ ನೋಡಿಕೊಂಡು ಕೂರುತ್ತಿದ್ದ. ಒಂದು ಸಂಜೆ ಅವ್ವ ಒಲೆಯಿಂದ ಎದ್ದು ಹೋಗಿ ಅವನ ಪಕ್ಕ ಕೂತಳು. ನಾನು ಹತ್ತಿರದಲ್ಲೇ ಒಲೆಗೆ ಪುಳ್ಳೆ ಆರಿಸುತ್ತಿದ್ದೆ.

"ಮದುವ್ಯಾದ ಹೊಸದ್ರಾಗೆ ನಂಗೂ ಆ ವಾಸ್ನೆ ಸೇರ್ತಿರಲಿಲ್ಲ," ಅಂದಳು ಅವ್ವ. "ಗ್ವಾಡೆ ಕಡೆ ತಿರುಗಿ ಮಲಗ್ತಿದ್ದೆ."

ಅಪ್ಪ ಉಜ್ಜಿ ಉಜ್ಜಿ ಕೆಂಪಾದ ಅಂಗೈಯನ್ನು ನೋಡಿಕೊಂಡ.

"ಈಗ ಅದಿಲ್ದಿದ್ರೆ ನಿದ್ದೆ ಬರಾಕಿಲ್ಲ. ವಾಸ್ನೆ ತೊಳ್ಕಂಡು ಎಲ್ಲಿಗ್ ಹೋಗ್ತೀರಿ. ಅದುಕ್ಕೂ ಅಭ್ಯಾಸ ಮಾಡ್ಸ್ರಿ."

ಹೇಳಿ ಸೆರಗು ಕೊಡವಿ ಒಲೆಗೆ ಹೋದಳು. ಅವ್ವ ಪ್ರೀತಿಯ ಮಾತನ್ನು ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪುಳ್ಳೆ ಹಿಡಿದು ಅಲ್ಲೇ ನಿಂತುಬಿಟ್ಟಿದ್ದೆ.

ಅಪ್ಪ ಎದ್ದು ನಮ್ಮ ಗಂಟಿನ ಬಳಿಗೆ ಹೋದ. ಪ್ರತಿ ವರ್ಷ ಬರುವಾಗ ಅವನು ಮಿಲ್ಲಿನಿಂದ ಒಂದು ಚೀಲ ಶೇಂಗಾ ಹಿಂಡಿ ತರುತ್ತಿದ್ದ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೆಂದರೆ ಕುರಿಗೆ ಬೆಲ್ಲ. ಅಳಿಯ ತಂದದ್ದೆಂದು ತಾತ ಅದನ್ನು ಹಟ್ಟಿಗೆ ಒಯ್ದು ಜೋಪಾನ ಮಾಡುತ್ತಿದ್ದನೇ ಹೊರತು ಮಂದೆಗೆ ಹಾಕುತ್ತಿರಲಿಲ್ಲ. ಅಪ್ಪ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದುಕೊಂಡು ಹಳೆಯ ಕುರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕುರಿ ಹಿಂದೆ ಸರಿಯಿತು, ಮೂಗು ಮುಂದೆ ಚಾಚಿತು, ಕೊನೆಗೆ ಅವನ ಅಂಗೈಗೆ ಬಾಯಿ ಹಾಕಿತು. ಅಪ್ಪ ಇನ್ನೊಂದು ತೋಳನ್ನು ಅದರ ಕುತ್ತಿಗೆಗೆ ಸುತ್ತಿದ. ಅವ್ವ ಮರಿಯನ್ನು ತಂದು ಕೆಚ್ಚಲಿಗೆ ಬಿಟ್ಟಳು. ಕುರಿ ಒದೆಯಲು ಕಾಲೆತ್ತಿತು. ಹಿಂಡಿ ಸಿಹಿಯಾಗಿತ್ತು, ಕಾಲು ಇಳಿಸಿತು.

ಅಂದಿನಿಂದ ಕುರಿ ಹಿಡಿಯುವವನು ಅಪ್ಪನೇ. ಮರಿ ಹಾಲು ಕುಡಿಯುವಷ್ಟು ಹೊತ್ತೂ ಕುರಿಯ ಮೂಗಿನ ಮುಂದೆ ಅಪ್ಪನ ಕೈ, ಕೈಯಲ್ಲಿ ಹಿಂಡಿ. ಅಪ್ಪನ ವಾಸನೆಗೂ ಹಿಂಡಿಯ ವಾಸನೆಗೂ ಮರಿಯ ವಾಸನೆಗೂ ಈಗ ಹೆಚ್ಚು ಅಂತರವಿರಲಿಲ್ಲ. ಮಳೆಯಲ್ಲಿ ನೆನೆದು, ಹಿಕ್ಕೆ ಮೆತ್ತಿಕೊಂಡು, ಅಪ್ಪನೂ ಕುರಿ ಕಾಯುವವನ ಹಾಗೆಯೇ ಕಾಣುತ್ತಿದ್ದ. ಚಪ್ಪಲಿ ಬಡಿಯುವುದನ್ನು ಮರೆತೇಬಿಟ್ಟ. ಆದರೂ ಕೈ ಬಿಟ್ಟರೆ ಕುರಿ ಏನು ಮಾಡುತ್ತದೋ ಎಂಬ ಹೆದರಿಕೆ ಹೋಗಲಿಲ್ಲ. ಅದುಮಿ ಹಿಡಿದೇ ಇರುತ್ತಿದ್ದ. ತಾತ ದೂರದಿಂದ ನೋಡುತ್ತಿದ್ದ. ಊಟದ ಹೊತ್ತಿಗೆ ಕಂಬಳಿ ಮಡಿಸಿ ಹಾಸುತ್ತಿದ್ದ.

ನಾವು ಹೊರಡುವ ದಿನದ ಬೆಳಿಗ್ಗೆ. ಗಂಟು ಕಟ್ಟಿಯಾಗಿತ್ತು. ಕೊನೆಯ ಸಲ ಅಪ್ಪ ಕುರಿಯನ್ನು ಹಿಡಿದು ಕೂತ. ಅಗಲಿಕೆಯ ಸಂಕಟವೋ, ಮರಿ ಉಳಿಯಲಿ ಎಂಬ ಆತುರವೋ, ಹಿಡಿಯ ಮೇಲೆ ಹಿಡಿ ಹಿಂಡಿ ತಿನ್ನಿಸುತ್ತಲೇ ಹೋದ. ಕುರಿ ಕೊಟ್ಟಷ್ಟೂ ತಿನ್ನುತ್ತಿತ್ತು. ಚೀಲದ ತಳ ಕಾಣುತ್ತಿತ್ತು. ತಾತ ಕತ್ತೆಗೆ ಹಗ್ಗ ಬಿಗಿಯುತ್ತಿದ್ದವನು ತಿರುಗಿ ನೋಡಿದ. ಹಗ್ಗ ಬಿಟ್ಟು ದಾಪುಗಾಲು ಹಾಕಿಕೊಂಡು ಬಂದ.

"ಲೇ, ಬುದ್ಧಿ ಐತೇನ್ಲೇ ನಿಂಗೆ. ಅಷ್ಟು ಹಿಂಡಿ ತುರುಕಿದ್ರೆ ಹೊಟ್ಟಿ ಉಬ್ಬಿ ಸಾಯ್ತೈತೆ. ಕುರಿ ಅದು, ನಿನ್ ಮಿಲ್ಲಲ್ಲ. ಬಿಡು ಅದುನ್ನ, ಕೈ ಬಿಡಲೇ."

ಎಲ್ಲರೂ ನಿಂತಲ್ಲೇ ನಿಂತೆವು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ಆಕಾಶ ನೋಡಿದ. ತಾತನಿಗೂ ಆಗಲೇ ತಾನು ಯಾರಿಗೆ ಬೈದೆನೆಂದು ಹೊಳೆದಿರಬೇಕು, ಎತ್ತಿದ ಕೈ ಹಾಗೆಯೇ ಉಳಿದಿತ್ತು. ಅಪ್ಪ ಮಾತ್ರ, ಗದರಿಸಿಕೊಂಡ ಹುಡುಗ ಮಾಡುವಂತೆ, ಎರಡೂ ಕೈಯನ್ನು ತಟ್ಟನೆ ಬಿಟ್ಟುಬಿಟ್ಟ. ಹಿಂಡಿಯ ಚೀಲವನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡ.

ಕುರಿಯನ್ನು ಹಿಡಿದವರು ಈಗ ಯಾರೂ ಇರಲಿಲ್ಲ. ಅದು ಎರಡು ಹೆಜ್ಜೆ ಮುಂದೆ ಹೋಯಿತು. ಮರಿ ಓಡಿಬಂದು ಕೆಚ್ಚಲಿಗೆ ಮೂತಿ ಹಾಕಿತು. ಕುರಿ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಮರಿಯ ಬಾಲ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಹಿಂಗಾಲು ತುಸು ಅಗಲಿಸಿ, ಮರಿಗೆ ಅನುಕೂಲವಾಗುವಂತೆ ನಿಂತುಕೊಂಡು, ಅದರ ಬೆನ್ನು ನೆಕ್ಕತೊಡಗಿತು. ಮರಿಯ ಬಾಲ ಪಟಪಟ ಆಡಿತು.

ಮೊದಲು ಅತ್ತವನು ಅಪ್ಪ. ನಗುತ್ತಲೇ ಅತ್ತ. ಮರಿ ಉಳಿಯಿತೆಂದು ಅತ್ತ ಎಂದು ಮಾವ ಇವತ್ತಿಗೂ ಹೇಳುತ್ತಾನೆ. ಅದು ಅರ್ಧ ನಿಜ. ಗುಡ್ಡದ ಮೇಲೆ ಸೀತಾಫಲ ಕೀಳುವಾಗ ಅವನ ಪಕ್ಕದಲ್ಲಿದ್ದವಳು ನಾನು, ಉಳಿದ ಅರ್ಧ ನನಗೆ ಗೊತ್ತು. ರಾಂಪುರದಿಂದ ಚಳ್ಳಕೆರೆಯವರೆಗೆ ಬಸ್ಸಿನಲ್ಲಿ ಅಪ್ಪ ಅದೇ ಮಾತನ್ನು ಅವ್ವನಿಗೆ ಮತ್ತೆ ಮತ್ತೆ ಹೇಳಿದ: ನಿನ್ನ ಮಿಲ್ಲಲ್ಲ ಅಂದ್ರು ನೋಡು. ಅವ್ವ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ತಮ್ಮ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಬಸ್ಸಿನಲ್ಲಿದ್ದವರು ನಮ್ಮ ಮೈಯ ಕುರಿ ವಾಸನೆಗೆ ಮೂಗು ಮುಚ್ಚಿಕೊಂಡು ಸರಿದು ಕೂತರು, ನಮಗೆ ಆರಾಮಾಗಿ ಕೂರಲು ಜಾಗ ಸಿಕ್ಕಿತು.

ಮುಂದಿನ ದಸರೆಗೆ ನಾವು ಹೋದಾಗ ಮಂದೆ ದೇವಸಮುದ್ರದ ಆಚೆ ಒಂದು ಬೀಳಿನಲ್ಲಿತ್ತು. ಹಳೆಯ ಕುರಿಯೂ, ಬೆಳೆದು ನಿಂತ ಅದರ ಮಗಳೂ ಅಪ್ಪನನ್ನು ಕಂಡು ಹಿಂಡಿಗಾಗಿ ಹತ್ತಿರ ಬಂದವು. ತಾತ ಕತ್ತೆಯಿಂದ ಕಂಬಳಿಗಳನ್ನು ಇಳಿಸುತ್ತಿದ್ದ. ಅಪ್ಪ ಅಭ್ಯಾಸದಂತೆ ಒಂದು ಪಕ್ಕಕ್ಕೆ ನಿಂತು, ತನಗಾಗಿ ಕಂಬಳಿ ಮಡಿಸುವುದನ್ನು ಕಾಯುತ್ತಿದ್ದ. ತಾತ ಕಂಬಳಿಯನ್ನು ಮಡಿಸಲಿಲ್ಲ. ಅದನ್ನು ಅಪ್ಪನ ಹೆಗಲಿಗೆ ಎಸೆದು, ಅವನ ಮುಖವನ್ನೂ ನೋಡದೆ ಹೇಳಿದ: "ನಿಂತ್ಕಂಡು ಏನ್ ನೋಡ್ತೀಯಲೇ, ಮಳೆ ಬರಂಗೈತೆ. ಮರಿಗುಳ್ನ ಮುಚ್ಚೋಗು."